ತುಮಕೂರಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಅಕೌಂಟ್ಸ್ ಮತ್ತು ಸ್ಟೋರ್ ಸೆಕ್ಷನ್ ಕೊಟ್ರೆ ಕೆಲಸ ಹೇಗಿರುತ್ತೆ?

ಭಯ ಬೀಳೋಂಥದ್ದೇನಿಲ್ಲ, ಆದ್ರೆ ಕಾಗದ ಸರಿ ಇಟ್ಕೊಳ್ಳೋ ಅಭ್ಯಾಸ ಬೇಕೇ ಬೇಕು. ನಾನೂ ಇಲ್ಲೇ ತುಮಕೂರಲ್ಲಿ ಇದೇ ಸೆಕ್ಷನ್ ನೋಡ್ಕೊಳ್ತಿರೋದು.

ಸಂಬಳದ ಬಿಲ್ಲು ತಿಂಗಳ ಮಾಮೂಲಿ ಕೆಲಸ, ಬೇಗ ಕೈಗೆ ಹತ್ತುತ್ತೆ. ತಲೆನೋವು ಇರೋದು ಖರೀದಿಲಿ. ಪೇಪರ್ ಬಂಡಲ್ಲು, ಟೋನರ್ರು ತಗೊಂಡ್ರೂ ಮೊದ್ಲು ಆ ಲೆಕ್ಕ ಶೀರ್ಷಿಕೆಲಿ (ಅಂದ್ರೆ ಬಜೆಟ್‌ನಲ್ಲಿ ಆ ಖರ್ಚಿಗೆ ಅಂತ ಇರೋ ಬಾಬ್ತಲ್ಲಿ) ಅನುದಾನ ಇದ್ಯಾ ನೋಡ್ಬೇಕು, ಆಮೇಲೆ ಸಾಹೇಬ್ರ ಮಂಜೂರಾತಿ, ದೊಡ್ಡ ಮೊತ್ತ ಆದ್ರೆ 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಲಿ ಪಾರದರ್ಶಕತೆಗಿರೋ ಕರ್ನಾಟಕದ ಕಾಯ್ದೆ) ಪ್ರಕಾರ ಟೆಂಡರ್, ಅದೂ ಆನ್‌ಲೈನ್ ಪೋರ್ಟಲ್‌ನಲ್ಲೇ. ಟೆಂಡರ್ ತಪ್ಪಿಸೋಕೆ ಒಂದೇ ಖರೀದಿನ ತುಂಡು ತುಂಡು ಮಾಡಿ ಅಂತ ಯಾರಾದ್ರೂ ಹೇಳ್ತಾರೆ, ಒಪ್ಕೋಬೇಡಿ, ಆಡಿಟ್ನೋರು ಮೊದ್ಲು ಹುಡ್ಕೋದೇ ಅದನ್ನ.

ಮಾಲು ಬಂದಾಗ ಎಣಿಸಿ ದಾಸ್ತಾನು ಪುಸ್ತಕಕ್ಕೆ ಏರಿಸಿ, ಇನ್‌ವಾಯ್ಸ್ ಮೇಲೆ "ದಾಸ್ತಾನು ಪುಸ್ತಕದ ಇಂತಿಷ್ಟನೇ ಪುಟದಲ್ಲಿ ನಮೂದಿಸಿದೆ" ಅಂತ ಬರ್ದು ಸಹಿ ಹಾಕಿಸ್ಬೇಕು. ಇದೊಂದು ಸಾಲು ಇಲ್ದಿದ್ರೆ ಖಜಾನೆಯಿಂದ ಆಕ್ಷೇಪಣೆ ಬಿದ್ದು ಬಿಲ್ಲು ವಾಪಸ್ ಬರೋ ಚಾನ್ಸ್ ಜಾಸ್ತಿ. ಬಿಲ್ಲು ಹೋಗೋದು ಖಜಾನೆ-2ರಲ್ಲಿ (ಖಜಾನೆಯ ಆನ್‌ಲೈನ್ ವ್ಯವಸ್ಥೆ), ಡಿಡಿಓ (ಕಚೇರಿಯ ಹಣ ಸೆಳೆದು ಬಟವಾಡೆ ಮಾಡೋ ಅಧಿಕಾರಿ) ಡಿಜಿಟಲ್ ಸಹಿ ಹಾಕಿದ್ಮೇಲೆ, ಪಾಸಾದ್ರೆ ದುಡ್ಡು ಸೀದಾ ಸಪ್ಲೈಯರ್ ಖಾತೆಗೆ, ಚೆಕ್ಕು ಗಿಕ್ಕು ಇಲ್ಲ.

ಮಾರ್ಚ್ ತಿಂಗಳು ಮಾತ್ರ ಊರಿನ ಮದುವೆಗಿದುವೆ ಮರ್ತುಬಿಡಿ. 31ರೊಳಗೆ ಖರ್ಚಾಗ್ದೆ ಉಳಿದ ಅನುದಾನ ಲ್ಯಾಪ್ಸ್ ಆಗುತ್ತೆ, ಹಾಗಾಗಿ ವರ್ಷಪೂರ್ತಿ ಸುಮ್ನಿದ್ದೋರೆಲ್ಲ ಕೊನೇ ವಾರ ನಿಮ್ಮ ಟೇಬಲ್ ಮುಂದೆ ನಿಂತಿರ್ತಾರೆ.

ಸೇರೋ ದಿನ ಚಾರ್ಜ್ ತಗೊಳ್ವಾಗ ಪುಸ್ತಕದಲ್ಲಿರೋದು ರೂಮಲ್ಲೂ ಇದ್ಯಾ ಅಂತ ಒಂದೊಂದಾಗಿ ನೋಡ್ಕೊಂಡೇ ಸಹಿ ಹಾಕಿ, ಕಮ್ಮಿ ಇದ್ರೆ ಅಲ್ಲೇ ಬರ್ದಿಡಿ.