ಆ ರೆಕ್ಕೆಯ ಮುದುಕ ದೇವದೂತನೇ, ಅಲ್ಲವೇ?

ಕೊಲಂಬಿಯಾದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ 1968ರಲ್ಲಿ ಬರೆದ ‘ಎ ವೆರಿ ಓಲ್ಡ್ ಮ್ಯಾನ್ ವಿತ್ ಎನಾರ್ಮಸ್ ವಿಂಗ್ಸ್’ ಕಥೆಯ ಮುದುಕನ ಬಗ್ಗೆ ಕೇಳಿದ್ದೀರಿ. ಮಳೆಗೆ ಪೆಲಾಯೊನ ಅಂಗಳದ ಕೆಸರಲ್ಲಿ ಬಿದ್ದಿದ್ದನಲ್ಲ, ದೊಡ್ಡ ರೆಕ್ಕೆಗಳವನು. ಅವನು ಯಾರೆಂದು ಕಥೆ ಹೇಳುವುದೇ ಇಲ್ಲ. ಬೇಕೆಂದೇ ಹೇಳುವುದಿಲ್ಲ ಅನ್ನುವುದು ನನ್ನ ಓದು.

ಅವನಿಗಿಂತ ಜಾಸ್ತಿ ಸುತ್ತಲಿನವರನ್ನು ಗಮನಿಸಿ. ಪಕ್ಕದ ಮನೆಯಾಕೆಗೆ ಅವನು ದೇವದೂತ. ಪಾದ್ರಿಗೆ ಅನುಮಾನ, ಏಕೆಂದರೆ ಮುದುಕನಿಗೆ ಚರ್ಚಿನ ಭಾಷೆಯಾದ ಲ್ಯಾಟಿನ್ ಬರದು! ಮನೆಯವರಿಗೆ ಅವನು ಐದು ಸೆಂಟ್ ಟಿಕೆಟ್ಟಿನ ಪ್ರದರ್ಶನ. ಡಾಕ್ಟರಿಗಂತೂ ಆ ರೆಕ್ಕೆಗಳು ಎಷ್ಟು ಸಹಜ ಅನಿಸುತ್ತವೆಂದರೆ, ಉಳಿದವರಿಗೆ ಯಾಕಿಲ್ಲ ಎಂದೇ ಆಶ್ಚರ್ಯ.

ಅವನ ಪವಾಡಗಳೂ ಎಡವಟ್ಟು. ಕುರುಡನಿಗೆ ಕಣ್ಣು ಬರುವುದಿಲ್ಲ, ಮೂರು ಹೊಸ ಹಲ್ಲು ಬರುತ್ತವೆ. ಆಮೇಲೆ ಜೇಡವಾದ ಹುಡುಗಿ ಬರುತ್ತಾಳೆ. ಅಪ್ಪ ಅಮ್ಮನ ಮಾತು ಮೀರಿದ್ದಕ್ಕೆ ಶಿಕ್ಷೆ ಅನ್ನುತ್ತಾಳೆ. ಜನ ಅತ್ತ ಓಡುತ್ತಾರೆ. ಅವಳ ಕಥೆಗೆ ನೀತಿ ಇದೆ, ಮುದುಕನಿಗೆ ಇಲ್ಲ. ಕಥೆಯ ಕೀಲಿ ಇಲ್ಲೇ ಇದೆ ಅನಿಸುತ್ತದೆ ನನಗೆ. ಅರ್ಥ ಸಿಗದ ಪವಾಡ ಜನಕ್ಕೆ ಬೇಕಿಲ್ಲ, ಅಲ್ವಾ?

ಹಾಗಾಗಿ ‘ಅವನು ಕ್ರಿಸ್ತನ ಸಂಕೇತ’ ಎಂದು ಸುಮ್ನೆ ಬರೆದುಬಿಟ್ಟರೆ ನಾವೂ ಆ ಪಾದ್ರಿಯ ಸಾಲಿಗೇ ಸೇರುತ್ತೇವೆ. ಕೊನೆಯಲ್ಲಿ ಮುದುಕ ಹಾರಿಹೋದಾಗ ಪೆಲಾಯೊನ ಹೆಂಡತಿ ಎಲಿಸೆಂಡಾ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಆಕೆಗೆ ಆಗುವುದು ನಿರಾಳ. ಅವನ ದೆಸೆಯಿಂದಲೇ ಎದ್ದ ಎರಡಂತಸ್ತಿನ ಮನೆಯ ಅಡುಗೆಕೋಣೆ ಅದು.