ಆಸ್ಪತ್ರೆಯಲ್ಲಿ ಕೌನ್ಸೆಲರ್ ಆಗಿದ್ದೇನೆ. ಎದುರಿಗೆ ಯಾರು ಅತ್ತರೂ ಈಗ ಏನೂ ಅನಿಸುವುದಿಲ್ಲ. ಕೆಲಸ ಬಿಡಬೇಕಾ?

ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇನೋ ಅಂತಲೂ ಬರೆದಿದ್ದೀರಿ. ಅದನ್ನು ಮೊದಲು ತಲೆಯಿಂದ ತೆಗೆಯಿರಿ. ನಾನು ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. ಆ ಮರಗಟ್ಟಿದ ಮನಸ್ಸು ನನಗೂ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂತ ಗುರುತಿಸಿತು. ವಿಪರೀತ ಸುಸ್ತು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಏನು ಮಾಡಿದರೂ ಪ್ರಯೋಜನವಿಲ್ಲ ಅನಿಸುವುದು ಇದರ ಲಕ್ಷಣಗಳು. ನೀವು ಹೇಳುತ್ತಿರುವುದು ಎರಡನೆಯದು.

ದುಃಖದ ಮಾತು ಕೇಳಿ ಕೇಳಿ ಹೀಗಾಗುತ್ತದೆ ಅಂತಾರೆ. ನನಗೆ ಹಾಗನಿಸುವುದಿಲ್ಲ. ಕೇಳಿದ್ದನ್ನು ಇಳಿಸಲು ಜಾಗವಿಲ್ಲದೆ ಹೀಗಾಗುತ್ತದೆ. ಗರ್ಭಿಣಿಯೊಬ್ಬಳಿಗೆ ಪಾಸಿಟಿವ್ ಬಂತು ಅನ್ನಿ. "ಮಗೂಗೂ ಬರುತ್ತಾ ಮೇಡಂ?" ಅಂತಾಳೆ. ಗಂಡನನ್ನು ಪರೀಕ್ಷೆಗೆ ಕರೆತರುವುದು ಹೇಗೆ, ಅತ್ತೆ ಕೇಳಿದರೆ ಏನು ಹೇಳುವುದು, ಎಲ್ಲ ಅಲ್ಲೇ ಕೂತು ಯೋಚಿಸಬೇಕು. ಅವಳು ಎದ್ದು ಹೋಗಿ ನೀರು ಕುಡಿಯುವಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ. ಸಂಜೆ ರಿಜಿಸ್ಟರ್, ಕಂಪ್ಯೂಟರ್ ಎಂಟ್ರಿ. ಮೀಟಿಂಗ್ ಪೂರ್ತಿ ಟಾರ್ಗೆಟ್‌ನ ಮಾತು. ಮನೆಯಲ್ಲೂ ಬಾಯಿ ಬಿಡುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಹೇಳಬಾರದು. ಆ ನಿಯಮ ಇರಲೇಬೇಕು, ಅಲ್ವಾ? ಆದರೆ ಅದನ್ನು ಕಾಯುವವರ ಮನಸ್ಸನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕಿತ್ತು. ನಮ್ಮಲ್ಲಿ ಜಾಸ್ತಿ ಜನ ಗುತ್ತಿಗೆ ನೌಕರರು ಬೇರೆ. ಗಟ್ಟಿಯಾಗಿ ಕೇಳಲು ಭಯ.

ರಜೆ ಹಾಕಿ, ಖಂಡಿತ ಹಾಕಿ. ಅದೊಂದೇ ಸಾಲದು. ಹಿರಿಯ ಕೌನ್ಸೆಲರ್ ಒಬ್ಬರ ಹತ್ತಿರ ಹೆಸರು, ಊರು, ಗುರುತು ಸಿಗುವಂಥದ್ದೆಲ್ಲ ಬಿಟ್ಟು, ಆ ಕೇಸ್ ನಿಮಗೆ ಏನು ಮಾಡಿತು ಅನ್ನುವುದನ್ನು ಮಾತಾಡಿ. ಅಕ್ಕಪಕ್ಕದ ತಾಲ್ಲೂಕಿನವರು ನಾವು ಕೆಲವರು ಮೀಟಿಂಗ್ ಆದ ಮೇಲೆ ಹೀಗೆ ಕೂರುತ್ತೇವೆ. ಯಾರೂ ಉಪದೇಶ ಮಾಡಬಾರದು, ಅಷ್ಟೇ ಷರತ್ತು. ನನಗೆ ನಿಜಕ್ಕೂ ಉಸಿರು ಬಂದದ್ದು ಇದರಿಂದ.

ಇನ್ನೊಂದು ಮಾತು. ನೀವು ಚಿಕಿತ್ಸೆಗೆ ಕಳಿಸಿದವರು ಮುಂದೆ ಏನಾದರು ಅಂತ ತಿಳಿದುಕೊಳ್ಳಿ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಶೇ. 5ಕ್ಕಿಂತ ಕಡಿಮೆ. ಮಗುವಿನ 18 ತಿಂಗಳ ಪರೀಕ್ಷೆ ನೆಗೆಟಿವ್ ಬಂದದ್ದು ಗೊತ್ತಾದರೆ, ಅವತ್ತು ಕೋಣೆಯಲ್ಲಿ ಆಡಿದ ಮಾತು ದಂಡವಾಗಲಿಲ್ಲ ಅಂತ ಕಣ್ಣಿಗೆ ಕಾಣುತ್ತದೆ.

ನಿದ್ದೆಯೇ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಇದು ಬರ್ನ್‌ಔಟ್ ದಾಟಿದ ವಿಷಯ. ತಡಮಾಡದೆ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡುವ ತೀರ್ಮಾನ ಮಾತ್ರ ಈಗಲೇ ಬೇಡ. ರಜೆ ಮುಗಿಸಿ ಬಂದು, ಒಂದಷ್ಟು ಸಲ ಹೀಗೆ ಮಾತಾಡಿ ನೋಡಿ. ಆಮೇಲೂ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಕಾಲೇ ಬರುವುದಿಲ್ಲ ಅನ್ನುವಂತಿದ್ದರೆ ಬಿಡಿ, ಅದರಲ್ಲಿ ತಪ್ಪೇನಿಲ್ಲ.