ಆ ಖಾಲಿ ರಸ್ತೆಯಲ್ಲಿ ಏನಿದೆ?

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಚಿತ್ರ ನೋಡಿ ‘ಒಂದು ರಸ್ತೆ, ಒಬ್ಬ ಮನುಷ್ಯ, ಉಳಿದದ್ದೆಲ್ಲ ಮಸಿ, ಇದರ ಬದಲು ಒಂದು ಫೋಟೋ ಹಾಕಬಾರದಿತ್ತೇ’ ಎಂದು ಕೇಳಿದ್ದೀರಿ. ಅರ್ಧ ತಪ್ಪು ನಮ್ಮದೇ. ಅಂಚೆ ಕಾರ್ಡಿಗಿಂತ ಸಣ್ಣದು ಮಾಡಿ, ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಿದೆವು. ಗೆರೆಗಳೆಲ್ಲ ಅಂಟಿಕೊಂಡು ಮಸಿ ಚೆಲ್ಲಿದ ಹಾಗಾಯಿತು.

ಅದು ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ 1921ರಲ್ಲಿ ಮಾಡಿದ ‘ನೈಟ್ ಶ್ಯಾಡೋಸ್’ ಎಂಬ ಎಚಿಂಗ್. ಮೂಲವೂ ದೊಡ್ಡದಲ್ಲ, ಸುಮಾರು 7 ಇಂಚು ಎತ್ತರ, 8 ಇಂಚು ಅಗಲ. ಎಚಿಂಗ್ ಅಂದರೆ ಲೋಹದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಮುಳುಗಿಸುವುದು. ಗೀಚಿದ ಕಡೆ ಮಾತ್ರ ಆಸಿಡ್ ಲೋಹವನ್ನು ತಿನ್ನುತ್ತದೆ. ಆಮೇಲೆ ಲೇಪ ತೆಗೆದು, ಆ ಗೀರುಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಒತ್ತಬೇಕು. ಚಿತ್ರ ಎಡಬಲ ತಿರುಗಿ ಬರುತ್ತದೆ, ಅದನ್ನೂ ಮೊದಲೇ ಲೆಕ್ಕ ಹಾಕಿರಬೇಕು.

ಈಗ ನಿಮ್ಮ ಫೋಟೋ ಮಾತಿಗೆ ಬರುತ್ತೇನೆ. ಫೋಟೋದಲ್ಲಿ ಕತ್ತಲು ತಾನಾಗಿಯೇ ಬರುತ್ತದೆ, ಅಲ್ವಾ? ಇಲ್ಲಿ ಕತ್ತಲನ್ನು ಗೆರೆ ಗೆರೆಯಾಗಿ ಗೀಚಬೇಕು. ರಸ್ತೆಯ ಮೇಲಿನ ಬೆಳಕು ಸೂಜಿ ಮುಟ್ಟದೆ ಬಿಟ್ಟ ಜಾಗ, ಬರೀ ಕಾಗದ. ಅದಕ್ಕೇ ಹಾಪರ್ ತುಂಬಾ ಬಿಳಿಯ ಕಾಗದ, ತುಂಬಾ ಕಪ್ಪು ಶಾಯಿ ಹುಡುಕುತ್ತಿದ್ದ.

ಇನ್ನೊಂದು ಸಂಗತಿ, ನಾವು ಆ ಮನುಷ್ಯನನ್ನು ನೋಡುವುದು ಮೇಲಿನಿಂದ. ಹಿಂದೆ ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆ ಮುಗಿಸಿ ಬಂದು, ಮೂರನೇ ಮಾಳಿಗೆಯ ಕಿಟಕಿಯಲ್ಲಿ ಸುಮ್ನೆ ನಿಲ್ಲುತ್ತಿದ್ದೆ. ಹಗಲಲ್ಲಿ ಕಾಲಿಡಲು ಜಾಗವಿಲ್ಲದ ಗಲ್ಲಿ ಅದು. ಹನ್ನೆರಡರ ನಂತರ ಯಾರಾದರೂ ಒಬ್ಬ ನಡೆದು ಹೋದರೆ, ಅವನಿಗಿಂತ ಅವನ ನೆರಳೇ ಜಾಸ್ತಿ ಕಾಣುತ್ತಿತ್ತು. ಮೇಲಿನಿಂದ ಒಬ್ಬರು ನೋಡುತ್ತಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಈ ಚಿತ್ರ ನೋಡಿದಾಗ ನನಗೆ ಅದೇ ಕಳ್ಳತನದ ಭಾವನೆ. ದೀಪದ ಕಂಬದ ಉದ್ದ ನೆರಳು ರಸ್ತೆಗೆ ಅಡ್ಡ ಬಿದ್ದಿದೆ, ಅವನೋ ತನ್ನ ಪಾಡಿಗೆ ನಡೆಯುತ್ತಿದ್ದಾನೆ.

ಪತ್ರಿಕೆಯವರಿಗೆ ಹೊಟ್ಟೆಕಿಚ್ಚಾಗುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. 1924ರಲ್ಲಿ ‘ದ ನ್ಯೂ ರಿಪಬ್ಲಿಕ್’ ಎಂಬ ಅಲ್ಲಿನ ಪತ್ರಿಕೆ ಆರು ಎಚಿಂಗ್‌ಗಳ ಒಂದು ಕಟ್ಟನ್ನು ಚಂದಾದಾರರಿಗಾಗಿ ತಂದಿತ್ತು, ಅದರಲ್ಲಿ ಇದೂ ಇತ್ತು. ನಾವು ನಿಮಗೆ ಕೊಡುವುದು ವರ್ಷಕ್ಕೊಂದು ಕ್ಯಾಲೆಂಡರ್.

ಮುಂದಿನ ತಿಂಗಳು ಇದೇ ಚಿತ್ರವನ್ನು ಒಳ್ಳೆಯ ಕಾಗದದಲ್ಲಿ ಇಡೀ ಪುಟಕ್ಕೆ ಹಾಕುತ್ತೇವೆ. ಭೂತಗನ್ನಡಿ ಇದ್ದರೆ ಹಿಡಿದು ನೋಡಿ. ಆಗಲೂ ಮಸಿಯೇ ಕಂಡರೆ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ